ಶಂಸೊಳ ಮೂವತ್ತು ಅಭಿಪ್ರಾಯಗಳು

ಮಿನಿಯಾಪೊಲಿಸ್ಸಿನ ಆ ಶಾಲೆಯವರು ಕಳಿಸಿದ ಹಾಳೆಯಲ್ಲಿ ಪುಸ್ತಕದ ಹೆಸರಿಗೊಂದು, ಪೋಷಕರ ಸಹಿಗೊಂದು, ಪೋಷಕರ ಅಭಿಪ್ರಾಯಕ್ಕೊಂದು ಕಲಂ ಇತ್ತು. ಮಗು ದಿನಾ ಇಪ್ಪತ್ತು ನಿಮಿಷ ಓದಬೇಕು, ಮನೆಯವರು ಕೂತು ಕೇಳಬೇಕು. ಕೊನೆಯ ಕಲಮಿನ ಅರ್ಥ ತಿಳಿದದ್ದೇ ಶಂಸೊ ಉಬ್ಬಿಹೋದಳು. ಈ ದೇಶಕ್ಕೆ ಬಂದು ಹನ್ನೊಂದು ವರ್ಷ. ಹುಟ್ಟಿದ ದಿನಾಂಕ ಕೇಳಿದವರಿದ್ದರು, ವಿಳಾಸ ಕೇಳಿದವರಿದ್ದರು, ಅಭಿಪ್ರಾಯ ಕೇಳಿದವರು ಮಾತ್ರ ಒಬ್ಬರೂ ಇರಲಿಲ್ಲ. ಸೋಮಾಲಿ ಹೆಂಗಸಿನ ಹತ್ತಿರ ಅದಕ್ಕೇನು ಬರವೇ?

ಅವಳಿಗೆ ಇಂಗ್ಲಿಷ್ ಓದಲು ಬಾರದು, ಸೋಮಾಲಿಯ ಓದೂ ಅಷ್ಟಕ್ಕಷ್ಟೆ. ಎರಡನೇ ತರಗತಿಯ ಮಗಳು ನಸ್ರಾ ಒಂದೊಂದು ಪುಟ ಓದಿ ಸೋಮಾಲಿಯಲ್ಲಿ ಹೇಳುವಳು. ಶಂಸೊ ಕಾವಲಿಗೆ ಕಂಜೇರೊ ದೋಸೆಯ ಹಿಟ್ಟು ಹುಯ್ಯುತ್ತ ತೀರ್ಪು ಕೊಡುವಳು.

"ಮನೆಗೆ ನೆಂಟರು ಬಂದ್ರೆ ಆ ಮೊಲ ಒಂದೇ ಒಂದು ಬಿಸ್ಕತ್ತು ಕೊಡ್ತಾ? ಥೂ! ಅಂಥಾ ಮನೆಗೆ ನಾನು ಹೆಣ್ಣು ಕೊಡಲ್ಲ ಅಂತ ಬರಿ."

"ಹೋಯೊ, ಅದು ಮೊಲ!"

"ಮೊಲ ಆದ್ರೆ ಮರ್ಯಾದೆ ಬೇಡ್ವಾ? ನಿನ್ನ ಹೆತ್ತ ಹೋಯೊ ಹೇಳ್ತಿದೀನಿ, ಬರಿ."

ನಾಯಿಯೊಂದು ಮಂಚದ ಮೇಲೆ ಮಲಗುವ ಕಥೆಗೆ, "ಆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?" ಎಂದಳು. ಚಳಿಗಾಲವಿಡೀ ಗೊರಕೆ ಹೊಡೆದ ಕರಡಿಗೆ, "ನಿಮ್ಮಪ್ಪನ ಕಡೆಯವನೇ ಇರ್ಬೇಕು. ಎಬ್ಬಿಸ್ಬೇಡಿ, ಎದ್ರೆ ಚಾ ಕೇಳ್ತಾನೆ" ಎಂದಳು. ನಸ್ರಾ ತಲೆ ತಗ್ಗಿಸಿ ಬರೆಯುವಳು, ಶಂಸೊ ಠೀವಿಯಿಂದ ಸಹಿ ಎಳೆಯುವಳು. ಅಂಗಡಿಯಲ್ಲಿ, ಮಸೀದಿಯಲ್ಲಿ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ, "ನನ್ನ ಮಾತನ್ನ ಶಾಲೇಲಿ ಬರೆದಿಟ್ಕೋತಾರೆ" ಎಂದು ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು.

ಮೂವತ್ತು ದಿನವಾದ ಮೇಲೆ ಶಾಲೆಯಿಂದ ಬುಲಾವ್ ಬಂತು. ಸನ್ಮಾನವೇ ಇರಬೇಕೆಂದು ಶಂಸೊ ಹಬ್ಬದ ಬಟ್ಟೆ ತೊಟ್ಟು, ಕೆಳಗೆ ಹಿಮದ ಬೂಟು ಮೆಟ್ಟಿ, ಒಂದು ಡಬ್ಬಿ ಸಂಬೂಸ ಹಿಡಿದು ಹೊರಟಳು. ಹಾಲ್ವರ್ಸನ್ ಟೀಚರ್ ಮೇಜಿನ ಮೇಲೆ ಆ ಹಾಳೆಗಳನ್ನು ಹರಡಿಕೊಂಡಿದ್ದರು. ಪಕ್ಕದಲ್ಲಿ ಶಾಲೆಯ ದುಭಾಷಿ ವರ್ಸಮೆ ಕೂತಿದ್ದ.

"ಅಕ್ಕಾ," ಎಂದ ವರ್ಸಮೆ, ಮುಜುಗರದಿಂದ. "ಮೂವತ್ತು ಪುಸ್ತಕಕ್ಕೂ ಇಲ್ಲಿ ಒಂದೇ ಮಾತಿದೆ. 'ತುಂಬಾ ಚೆನ್ನಾಗಿದೆ.' ನೀವು ಕೇಳ್ದೇನೇ ಸಹಿ ಹಾಕ್ತಿದೀರೇನೋ ಅಂತ ಟೀಚರಿಗೆ ಅನುಮಾನ."

ಶಂಸೊಗೆ ಮೈಯೆಲ್ಲ ಉರಿದುಹೋಯಿತು. ಆ ಜಿಪುಣ ಮೊಲವೂ ತುಂಬಾ ಚೆನ್ನಾಗಿದೆಯೇ? ಒಂದು ತಿಂಗಳು ತಾನು ಆಡಿದ್ದೆಲ್ಲ ಕಾವಲಿಯ ಹೊಗೆಯ ಜೊತೆ ಕಿಟಕಿ ದಾಟಿ ಹೋಯಿತೇ? ನಸ್ರಾ ಪಕ್ಕದ ಕುರ್ಚಿಯಲ್ಲಿ ಕುಗ್ಗಿ ಕೂತಿದ್ದಳು.

"ಪೆನ್ನು ತಗೊಳ್ಳೋಕೆ ಹೇಳಪ್ಪ," ಎಂದಳು ಶಂಸೊ. "ಮೊದಲನೇ ದಿನ, ಸೋಮವಾರ. ಮೊಲ."

ಶಂಸೊಳ ತವರಿನಲ್ಲಿ ಯಾರೂ ಕಾಗದವನ್ನು ನಂಬಿದವರಲ್ಲ. ಆಡಿದ ಮಾತೆಲ್ಲ ವಾರದ ಸಮೇತ ಅವಳ ತಲೆಯಲ್ಲೇ ಇತ್ತು. ನಾಯಿಯ ಹೊತ್ತಿಗೆ ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದರು. ಕರಡಿಯ ಹೊತ್ತಿಗೆ ವರ್ಸಮೆಗೆ ಅನುವಾದಿಸಲು ಉಸಿರೇ ಇರಲಿಲ್ಲ. ಟೀಚರ್ ಕಣ್ಣೊರೆಸಿಕೊಳ್ಳುತ್ತ, ಒಂದೊಂದೇ ಕಲಂ ಹೊಡೆದುಹಾಕಿ, ತಾವೇ ಹೊಸದಾಗಿ ಬರೆಯುತ್ತ ಹೋದರು. ನಡುವೆ ಎರಡು ಸಂಬೂಸವೂ ಖರ್ಚಾದವು.

ಮೂವತ್ತೂ ಮುಗಿದ ಮೇಲೆ ಶಂಸೊ ಮಗಳ ಕಡೆ ತಿರುಗಿದಳು. "ಯಾಕೇ ಬರೀಲಿಲ್ಲ?"

ನಸ್ರಾ ಹಿಜಾಬಿನ ಅಂಚು ತಿರುಚಿದಳು. "ನಿನ್ನ ಮಾತು ಓದಿ ಎಲ್ಲಾರೂ ನಕ್ಬಿಡ್ತಾರೆ ಅಂತ, ಹೋಯೊ."

ಶಂಸೊಳ ಸಿಟ್ಟೆಲ್ಲ ಜರ್ರನೆ ಇಳಿಯಿತು. ಇಷ್ಟು ಪುಟ್ಟ ಹುಡುಗಿ ತಿಂಗಳಿಡೀ ತನ್ನ ಮಾನ ಕಾಯುತ್ತಿದ್ದಳು! ಮಗಳ ಜಾರಿದ ಹಿಜಾಬನ್ನು ಸರಿಮಾಡಿದಳು.

"ಹುಚ್ಚೀ," ಎಂದಳು, "ನಗಲಿ ಅಂತಾನೇ ಅಲ್ವೇನೇ ನಾನು ಹೇಳಿದ್ದು?"