ಗುಬ್ಬಿಯ ಕಾಳು

ಮೂರು ದಿನದ ಮೋಡ ಬೆಳಗಾಗುವಷ್ಟರಲ್ಲಿ ಕರಗಿದೆ, ಕಿಟಕಿಯ ಕಂಬಿ ಮುಟ್ಟಿದರೆ ಒಣಗಿದೆ, ಬಿಸಿಲು ಹೊಲಿಗೆ ಯಂತ್ರದ ಮೇಲೆ ಬಂದು ಕೂತಿದೆ, ಟೇಪಿಗೆ ಇಂಥದೇ ದಿನ ಬೇಕಿತ್ತು, ತೇವವಿದ್ದರೆ ಸುರುಳಿಗೆ ಸುರುಳಿ ಅಂಟುತ್ತದೆ, ಅಂಟಿದ್ದನ್ನು ಎಳೆದರೆ ತುಂಡಾಗುತ್ತದೆ, ದೇವರೇ, ಬಿಸಿಲು ನೀನು ಕೊಟ್ಟೆ, ಇನ್ನು ಉಳಿದದ್ದು ಈ ಕೈ — ನಲವತ್ತು ವರ್ಷ ಊರವರ ಬಟ್ಟೆ ಹೊಲಿದ ಕೈ, ಬಿಡುವಾದಾಗಲೆಲ್ಲ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ನೋಡಿದ ಕೈ, ಸೂಜಿಗೂ ಬೆಸುಗೆಗೂ ಒಂದೇ ಬೆರಳು. ಅಕ್ಕ ಎದುರು ಕುರ್ಚಿಯಲ್ಲಿ, ಮಡಿಲಲ್ಲಿ ಚೀಲ, ಚೀಲದಲ್ಲಿ ಕ್ಯಾಸೆಟ್, ಇನ್ನೂ ಹೊರಗೆ ತೆಗೆದಿಲ್ಲ, ಒಂದೇ ಸಲ ಹಾಕು, ಕಿತ್ತೋದ್ರೆ ನಿನ್ನ ಮುಖ ನೋಡಲ್ಲ, ಈಗಲೇ ಹೇಳಿದೀನಿ. ಜೋರಾಗಿ ಹೇಳುತ್ತಾಳೆ, ಈಚೆಗೆ ಕಿವಿ ಮಂದ, ಅದಕ್ಕೇ ಬಂದಿದ್ದಾಳೆ, ಕಿವಿ ಪೂರ್ತಿ ಮುಚ್ಚುವ ಮೊದಲು ಅಪ್ಪನ ಕಥೆಯ ಕೊನೆ ಬೇಕು ಅಂತ, ಆ ಕೊನೆಯನ್ನು ನುಂಗಿದವಳು ನಾನು. ಸ್ವಿಚ್ಚು ಒತ್ತುತ್ತೇನೆ, ಹಳೇ ಟಿವಿ ಗುಂಯ್ ಎನ್ನುತ್ತದೆ, ಕಪ್ಪು, ಕಪ್ಪು, ಆಮೇಲೆ ಮೂಲೆಯಲ್ಲೊಂದು ಪುಟ್ಟ ಬಿಳಿ ಚೌಕ, ಮಿಣಕ್, ಮಿಣಕ್ — ಬಂತು! ಹೋದ ವಾರದವರೆಗೂ ಹೆಣದ ಹಾಗೆ ಬಿದ್ದಿದ್ದ ನನ್ನ ಮೊದಲ ಕಂಪ್ಯೂಟರು, ಸುಟ್ಟ ಭಾಗಗಳನ್ನು ಕಿತ್ತು ಹೊಸದು ಕೂರಿಸಿದೆ, ಕೀಲಿಗಳ ಕೆಳಗಿನ ಹಾಳೆ ಬದಲಿಸಿದೆ, ಗಂಡ ಬಾಗಿಲಲ್ಲಿ ಇಣುಕಿ, ಸವತಿ ಎದ್ದು ಕೂತಳೇನೇ, ಅಲ್ಲಾ, ಹೆಂಗಸಿಗೆ ಸವತಿ ಬಂದ್ರೆ ಒಂದು ಪದ ಇದೆ, ಗಂಡಸಿಗೆ ಬಂದ್ರೆ ಏನನ್ನಬೇಕು ಅಂತ ಯಾರೂ ಹೇಳಿಲ್ವಲ್ಲ — ಮದುವೆಯಾದಾಗಿನಿಂದ ಅವರಿಗೆ ಇದೊಂದೇ ಕೊರಗು.

ಇದೇ ಚೌಕ, ನನ್ನ ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಯಾರೋ ಬಳಸಿ ಬಿಟ್ಟ ಈ ಪೆಟ್ಟಿಗೆ ತಂದು ಮನೆಯ ಟಿವಿಗೆ ಸಿಕ್ಕಿಸಿದ ಸಂಜೆ, ಅಪ್ಪ ಕನ್ನಡಕ ಹಣೆಗೇರಿಸಿ, ಇಷ್ಟೇನಾ ಮಗಳೇ, ಒಂದು ಕಾಳಿದ್ದ ಹಾಗಿದೆಯಲ್ಲೇ, ಯಾವ ಗುಬ್ಬಿ ಬೀಳಿಸಿ ಹೋಯ್ತೋ — ಎಂದು ಅಲ್ಲೇ ಕಥೆ ಕಟ್ಟಿದರು, ಹಸಿದ ಮರಿಗಳಿಗಾಗಿ ಗುಬ್ಬಿ ಇರುವೆಯಿಂದ ಒಂದು ಕಾಳು ಕಡ ತಂದಿತಂತೆ, ಮರಳಿ ಕೊಡಲು ಹೊರಟಾಗಲೆಲ್ಲ ಒಂದೊಂದು ಅಡ್ಡಿಯಂತೆ, ಅಪ್ಪನ ಕಥೆಗೆ ತಲೆ ಒಂದೇ, ಬಾಲ ದಿನಕ್ಕೊಂದು. ಒಂದು ದಿನದ ಬಾಲ ಅವರಿಗೇ ಹಿಡಿಸಿತು, ಅಕ್ಕ ಅದನ್ನು ಟೇಪಿನಲ್ಲಿ ಹಿಡಿದಿದ್ದಳು, ಮರುದಿನ ಅಪ್ಪ ನನ್ನ ಪಕ್ಕ ಕೂತು, ನಿನ್ನ ಪೆಟ್ಟಿಗೆಗೂ ಕಲಿಸು ಎಂದು ಆ ಕೊನೆಯನ್ನು ಮಾತಿಗೆ ಮಾತು ಬರೆಸಿದರು, ನಾನು ಆ ಕಥೆಯ ಮೇಲೆ ಕಟ್ಟುತ್ತಿದ್ದ ಗುಬ್ಬಿ ಆಟದ ಪ್ರೋಗ್ರಾಮಿಗೆ. ಯಂತ್ರಕ್ಕೆ ಕನ್ನಡ ಬಾರದು, ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು, ಸಾಲಿಗೆ ಮೂವತ್ತೆರಡೇ ಅಕ್ಷರ, ನಾನು ಅಕ್ಷರ ಎಣಿಸಿದೆ, ಕಥೆ ಕೇಳಲಿಲ್ಲ. ಆಗ ಪ್ರೋಗ್ರಾಮನ್ನು ಉಳಿಸುವುದೂ ಕ್ಯಾಸೆಟ್ಟಿನಲ್ಲೇ, ಕರ್ಕಶ ಕೀರಲು ದನಿಯಾಗಿ, ಖಾಲಿ ಕ್ಯಾಸೆಟ್ ಇರಲಿಲ್ಲ, ಅಕ್ಕನದು ಕೈಗೆ ಸಿಕ್ಕಿತು, ಅಪ್ಪನ ಮಾತು ಮುಗಿದ ಮೇಲೆ ತುಂಬಿದರಾಯಿತು ಎಂದು ಹಚ್ಚಿದೆ, ಗುಬ್ಬಿ ಇರುವೆಯ ಬಾಗಿಲಿಗೆ ಬಂತು, ಬಂದು — ಮೌನ. ಮುಗಿಯಿತು ಎಂದುಕೊಂಡು ಕೆಂಪು ಗುಂಡಿ ಒತ್ತಿದೆ, ಅಪ್ಪನ ಕೊನೆಯ ಮಾತು ಅಳಿಸಿ ಅದರ ಮೇಲೆ ಕೀರಲು ತುಂಬಿತು. ಕೊನೆಗೆ ಮುಂಚೆ ಒಂದು ಗುಟುಕು ನೀರು ಕುಡಿಯುವವರು ಅಪ್ಪ, ಮನೆಯ ಬೆಕ್ಕಿಗೂ ಗೊತ್ತಿತ್ತು, ನಾನು ಮರೆತೆ. ಆ ವರ್ಷವೇ ಅಪ್ಪ ಹೋದರು, ಕರೆಂಟು ಏರಿ ಪೆಟ್ಟಿಗೆಯೂ ಸುಟ್ಟಿತು, ಕ್ಯಾಸೆಟ್ ಅಕ್ಕನ ಬೀರು ಸೇರಿತು, ನಿನ್ನ ಯಂತ್ರಗಳ ಬಾಯಿಗೆ ಇನ್ನೊಂದ್ಸಲ ಕೊಡಲ್ಲ. ಆಮೇಲೆ ಎಷ್ಟು ಕಂಪ್ಯೂಟರು ಬಂದವು, ಫ್ಲಾಪಿ ನುಂಗುವುದು, ಫ್ಯಾನಿನ ಗೊರಕೆಯದು, ತೊಡೆಯ ಮೇಲೆ ಕೂರುವುದು, ಒಂದೊಂದರ ಮೇಲೂ ಗುಬ್ಬಿ ಆಟ ಹೊಸದಾಗಿ ಬರೆದೆ, ಕೊನೆ ಮಾತ್ರ ಖಾಲಿ, ನೆನಪಿದ್ದಷ್ಟು ಅಕ್ಕನಿಗೆ ಹೇಳಲು ಹೋದರೆ, ನಿನ್ನ ಮಾತು ನನಗ್ಯಾಕೆ ಪೆಟ್ಟಿಗೆ ರಾಣಿ, ಅಪ್ಪನ ಮಾತು ಕೊಡು.

ಈಗ ಕೊಡಬೇಕು. ಅಕ್ಕ ಕ್ಯಾಸೆಟ್ ತೆಗೆದು ನನ್ನ ಅಂಗೈಯಲ್ಲಿಟ್ಟಳು, ಕೂಸನ್ನು ಕೊಟ್ಟ ಹಾಗೆ. ಟೇಪ್ ರೆಕಾರ್ಡರಿನ ದನಿಯ ತಿರುಗಣೆಯ ಮೇಲೆ ಕೆಂಪು ಚುಕ್ಕೆ, ಅಕ್ಕನ ಉಗುರುಬಣ್ಣ ಕದ್ದು ನಾನೇ ಇಟ್ಟದ್ದು, ಅದಕ್ಕಿಂತ ಹೆಚ್ಚಾದರೆ ಯಂತ್ರ ಗೊಂದಲಗೊಳ್ಳುತ್ತದೆ, ಕಡಿಮೆಯಾದರೆ ಕಿವುಡಾಗುತ್ತದೆ. ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆ, ಅಪ್ಪ ಮಾತಾಡುತ್ತಿದ್ದಾರೆ, ದನಿ ಸವೆದಿದೆ, ಟೇಪು ಸವೆದಂತೆ — ಹಾಗಾದರೆ ಚುಕ್ಕೆಯನ್ನು ನಂಬಬಾರದು, ಒಂದು ನೂಲಿನಷ್ಟು ಮುಂದೆ, ಅಪ್ಪ ಇದೇ ಕೋಣೆಯಲ್ಲಿ ಕೂತು ಹೇಳುವಷ್ಟು, ಸಾಕು. ಬಾಗಿಲಿಗೆ ಬಂತು, ಬಂದು — ನೀರು ಕುಡಿಯಿರಿ ಅಪ್ಪ, ಈ ಸಲ ನನಗೆ ಗೊತ್ತು, ಆ ಒಂದು ಗುಟುಕಿನಲ್ಲಿ ರೆಕಾರ್ಡರಿನಿಂದ ಪೆಟ್ಟಿಗೆಗೆ ತಂತಿ ಸಿಕ್ಕಿಸಿದೆ, ಇನ್ನು ಆ ಕೀರಲು ಪೆಟ್ಟಿಗೆಯ ಕಿವಿಗೆ ಮಾತ್ರ, ಕೋಣೆ ನಿಶ್ಶಬ್ದ, ಟಿವಿಯ ತುಂಬ ಪಟ್ಟೆ ಪಟ್ಟೆ. ಏನೂ ಕೇಳಿಸ್ತಿಲ್ವಲ್ಲೇ, ನಿಂತೋಯ್ತಾ. ಇಲ್ಲ ಅಕ್ಕಾ, ಈಗ ಅದು ಕೇಳಿಸಿಕೊಳ್ತಾ ಇದೆ. ಒಂದು ನಿಮಿಷ, ಮೂರು, ಒಂದು ಅಕ್ಷರ ತಪ್ಪಿದರೂ ಎಲ್ಲ ಹೋಯಿತು, ಐದು, ಉಸಿರು ಎಲ್ಲಿಟ್ಟೆನೋ, ಪಟ್ಟೆ ನಿಂತಿತು — ಮೂಲೆಯಲ್ಲಿ ಗುಬ್ಬಿ, ಇನ್ನೊಂದು ಮೂಲೆಯಲ್ಲಿ ಇರುವೆಯ ಬಾಗಿಲು, ಕೆಳಗೆ ಮೂರು ಸಾಲು, ಬಂತು, ಪೂರ್ತಿ ಬಂತು, ಒಂದಕ್ಷರ ತಪ್ಪದೆ ಬಂತು, ಅರವತ್ತೆರಡರ ಮೊಣಕಾಲು ಮರೆತು ಕುಣಿದೆ! ಗಂಡ ಮುಂದೆ ಬಂದು ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಾರೆ, ಗುಬ್ಬಿ ಕಾಲು ಮರಳಿ ಕೊಟ್ಟಿತು, ಅಯ್ಯೋ ಪಾಪ, ಕುಂಟ ಗುಬ್ಬಿ! ಅಕ್ಕ ನಕ್ಕಳು, ಈ ಮನೆಯಲ್ಲಿ ಅವಳು ಹೀಗೆ ನಕ್ಕು ಎಷ್ಟು ಕಾಲವಾಯಿತು, ಕಾಲಲ್ಲ ರೀ, ಕಾಳು, ಕಾಳು, ಅಪ್ಪ ಯಾವ ಗುಬ್ಬಿ ಕಾಲೂ ಮುರಿದೋರಲ್ಲ, ಸರೀರಿ, ನಾನು ಓದ್ತೀನಿ — ಓದುತ್ತಾಳೆ, ಅಪ್ಪನದೇ ಏರಿಳಿತ, ನೀರು ಕುಡಿಯುವಷ್ಟು ನಿಲ್ಲಿಸಿ ಓದುತ್ತಾಳೆ, ಇರುವೆ ತಡವಾಯಿತು ಎನ್ನಲಿಲ್ಲ, ಊಟ ಆಯ್ತಾ ಮಗಳೇ ಎಂದಿತು. ಊಟ ಆಯ್ತಾ ಮಗಳೇ, ಮತ್ತೊಮ್ಮೆ, ಮೆಲ್ಲಗೆ, ಕಿವಿಗಲ್ಲ, ತನಗೆ. ಯಾರಾದರೂ ಕೀಲಿಯೊಂದನ್ನು ಒತ್ತಲೆಂದು ಕಾದಿದೆ ಆಟ, ನಾನು ಪೆಟ್ಟಿಗೆಯನ್ನು ಅಕ್ಕನ ಮಡಿಲಿಗೆ ಸರಿಸುತ್ತೇನೆ, ಒಂದು ಕಾಲಕ್ಕೆ ಮುಟ್ಟಬೇಡ ಎಂದು ಅವಳ ಕೈ ತಟ್ಟಿದ್ದೆ, ಈಗ ಆ ಬೆರಳು ಕೀಲಿಯ ಮೇಲೆ ಇಳಿಯುತ್ತದೆ, ಗುಬ್ಬಿಯ ಕೊಕ್ಕಿನಿಂದ ಬಿಳಿ ಚೌಕ ಕಳಚಿ, ಪಗಡೆಯ ಕಾಯಿಯ ಹಾಗೆ ಒಂದು ಮನೆ, ಇನ್ನೊಂದು ಮನೆ ದಾಟಿ, ಸದ್ದಿಲ್ಲದೆ ಇರುವೆಯ ಹೊಸ್ತಿಲ ಮೇಲೆ, ಅಲ್ಲೇ, ಕಾಳು, ಮಿಣಕ್ — ಕಾಳು —