ಫ್ಯಾಮಿಲಿ ರೂಮಿನ ರೊಟ್ಟಿ

ಪರದೆ ಸರಿಸಿ ದುರಗವ್ವ ರೊಟ್ಟಿಯ ತಾಟು ಇಟ್ಟಾಗ ಆ ಹೆಣ್ಣುಮಗಳು ಕುರ್ಚಿಯ ತುದಿಗೆ ಕುಳಿತು ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. ಕಾಲ ಬುಡದಲ್ಲಿ ಬಟ್ಟೆಯ ಗಂಟು. ಎದುರಿಗೆ ಇಸ್ತ್ರಿ ಮಾಡಿದ ಬಿಳಿ ಸಫಾರಿಯಲ್ಲಿ ದತ್ತು, ಮನೆಯ ಹಿರಿಯಣ್ಣನಂತೆ ಕೈ ಕಟ್ಟಿಕೊಂಡು ಕೂತಿದ್ದ.

"ಇವರು ದುರಗಕ್ಕ. ನಮಗ ತಾಯಿ ಇದ್ದಂಗ," ಎಂದ. "ನೋಡವಾ ಬಾಳವ್ವ, ಇಂಥಾ ಹಿರೇರು ಇರೂ ಜಾಗಾದಾಗ ಅಂಜಿಕಿ ಯಾತರದು?"

"ಉಣ್ಣವಾ, ನಾಚಬ್ಯಾಡ. ನಮ್ಮವರಽ ಅದಾರ." ದುರಗವ್ವನ ಬಾಯಿಂದ ಮಾತು ತಾನಾಗಿ ಬಂತು. ಎರಡು ವರ್ಷದ ರೂಢಿ.

ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಆ ಬಾರಿನಲ್ಲಿ ಅವಳದು ಹಿತ್ತಲ ಮೋರಿಯ ಬಳಿ ಗ್ಲಾಸು ತೊಳೆಯುವ ಕೆಲಸ. ಮುಂದಿನ ಹಾಲಿಗೆ ಅವಳು ಬರುವಂತಿರಲಿಲ್ಲ. ದತ್ತು ಯಾರಾದರೊಬ್ಬ ಹೆಣ್ಣುಮಗಳನ್ನು ಫ್ಯಾಮಿಲಿ ರೂಮಿಗೆ ಕರೆತಂದ ದಿನ ಮಾತ್ರ ಮಾಲಕ ಅರ್ಜುನಪ್ಪ ಹಿತ್ತಲಿಗೆ ಬರುತ್ತಿದ್ದ. ಕೈ ಒರೆಸಿಕೋ, ಸೆರಗು ಹೊದ್ದುಕೋ, ರೊಟ್ಟಿ ನೀನೇ ಒಯ್ಯಿ, ದತ್ತು ನಿನ್ನನ್ನೇ ಕೇಳುತ್ತಾನೆ ಎನ್ನುತ್ತಿದ್ದ. ಮುಸುರೆ ತಿಕ್ಕುವವಳನ್ನು ಹೆಸರು ಹಿಡಿದು ಕೇಳುವ ಗಿರಾಕಿಗಳು ಎಲ್ಲಿದ್ದಾರೆ? ಆ ಹಿಗ್ಗು ಅವಳಿಗೂ ಇತ್ತು. ಕೆಲಸ ಕೊಡಿಸುತ್ತೇನೆಂದು ಅವನು ಕರೆತಂದವರೆಲ್ಲ ಗಂಡ ಬಿಟ್ಟವರು, ಇಲ್ಲವೆ ಗಂಡ ಸತ್ತವರು. ಬಾರಿನ ವಾಸನೆಗೆ ಮೈ ಹಿಡಿ ಮಾಡಿಕೊಂಡು ಕೂತವರು ಇವಳ ಬಿಳಿ ಕೂದಲು ಕಂಡದ್ದೇ ಉಸಿರು ಬಿಟ್ಟು ರೊಟ್ಟಿ ಮುರಿಯುತ್ತಿದ್ದರು. ಆಮೇಲೆ ಕಿತ್ತಳೆ ಬಣ್ಣದ ಕೋಲ್ಡ್ರಿಂಕ್ಸು ಬರುತ್ತಿತ್ತು. ಗಾಜಿನದರಲ್ಲಿ ಅಲ್ಲ, ಒಳಗಿನದು ಕಾಣದ ಸ್ಟೀಲಿನ ಗ್ಲಾಸಿನಲ್ಲಿ. ಆ ಗ್ಲಾಸು ಮೋರಿಗೆ ಬಂದಾಗ ಸಿಹಿಯ ಕೆಳಗಿನ ಘಾಟು ಮೂಗಿಗೆ ಹತ್ತುತ್ತಿತ್ತು. ದುರಗವ್ವ ಒಂದು ಚಿಟಿಕೆ ಬೂದಿ ಹೆಚ್ಚು ಹಾಕಿ ತಿಕ್ಕುತ್ತಿದ್ದಳು, ಅಷ್ಟೆ.

ಹೋದ ಸೋಮವಾರ ಫಕೀರವ್ವ ಬಂದಿದ್ದಳು. ಹಿಂದಿನ ವರ್ಷ ಸುಗ್ಗಿಯ ಹೊತ್ತಿಗೆ ದತ್ತು ಕರೆತಂದಿದ್ದ ಮುಗದ ಊರಿನ ಹುಡುಗಿ. ಈಗ ಯಾರೋ ಇಬ್ಬರು ಗಂಡಸರ ನಡುವೆ, ನಟ್ಟ ನಡು ಮಧ್ಯಾಹ್ನ, ಮುಂದಿನ ಹಾಲಿನಲ್ಲೇ ಕೂತಿದ್ದಳು. ಕೈ ತೊಳೆಯಲು ಹಿತ್ತಲಿಗೆ ಬಂದವಳು ದುರಗವ್ವನ ಗುರುತು ಹಿಡಿದಳು. ಸಿಟ್ಟಿಲ್ಲ, ಅಳುವಿಲ್ಲ. ಮಳೆಯ ಸುದ್ದಿ ಹೇಳುವವಳಂತೆ ಹೇಳಿದಳು: "ಅವನ್ನ ನೋಡಿ ನಾ ಎಲ್ಲಿ ನಂಬಿದ್ದೆ ಯಕ್ಕಾ. ನಿನ್ನ ನೋಡಿ ನಂಬಿದೆ."

ಇಂದು ಬಾಳವ್ವನ ಎದುರು ರೊಟ್ಟಿ ಇಟ್ಟ ಮೇಲೆ ದುರಗವ್ವ ಹಿತ್ತಲಿಗೆ ಹೋಗದೆ ಪರದೆಯ ಬಳಿಯೇ ನಿಂತಳು.

ಧಾರವಾಡದಲ್ಲಿ ಹಾಸ್ಟೆಲು ನಡೆಸುವ ಬಾಯಾರಿಗೆ ಫೋನು ಹಚ್ಚಿ ಬರುತ್ತೇನೆಂದು ದತ್ತು ಎದುರಿನ ಎಸ್‌ಟಿಡಿ ಅಂಗಡಿಗೆ ಹೋದ. ಸ್ಟೀಲಿನ ಗ್ಲಾಸು ಆಗಲೇ ಬಂದು ಕೂತಿತ್ತು. ದುರಗವ್ವ ಊರು ಕೇಳಿದಳು. ಗರಗದವಳಂತೆ. ಮದುವೆಗೆ ಮುಂಚೆ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದಳು. ಗಂಡ ಇನ್ನೊಬ್ಬಳನ್ನು ತಂದು ಮನೆ ಹೊಗಿಸಿದ. ಅಣ್ಣಂದಿರು ಎರಡು ದಿನ ಇಟ್ಟುಕೊಂಡು ಮೂರನೆಯ ದಿನ ಬಸ್ಸು ಹತ್ತಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಅಳುತ್ತ ಕೂತವಳನ್ನು ದತ್ತಣ್ಣನೇ ಮಾತಾಡಿಸಿದ. ಹಾಸ್ಟೆಲಿನಲ್ಲಿ ಅಡಿಗೆ ಕೆಲಸ, ಇರಲು ಖೋಲಿ ಎಂದ.

ದುರಗವ್ವ ಗ್ಲಾಸು ಎತ್ತಿ ಕಿಟಕಿಯ ಹೊರಗೆ ಚೆಲ್ಲಿದಳು.

"ಇದರಾಗ ಶೆರೆ ಕೂಡಸ್ಯಾರ. ಹಾಸ್ಟೆಲ್ಲೂ ಇಲ್ಲ, ಕೆಲಸಾನೂ ಇಲ್ಲ. ಅವನ ಕೂಡ ಹೋಗಬ್ಯಾಡವಾ."

ಬಾಳವ್ವ ಅವಳ ಮುಖವನ್ನೇ ನೋಡಿದಳು.

"ಆಗಽ ನಮ್ಮವರು ಅಂದಿ. ಈಗ ಹಿಂಗಂತಿ. ಯಾವುದು ಖರೇ?"

"ಇದಽ ಖರೇ."

"ಹಂಗಾರ ನಾ ಎಲ್ಲಿಗಿ ಹೋಗ್ಲಿ? ನೀ ಇಟಗೋತಿ?"

ಕಮರಿಪೇಟೆಯಲ್ಲಿ ದುರಗವ್ವನ ಮಗನದೊಂದು ಖೋಲಿ. ಸೊಸೆ ಇವಳ ಚಾಪೆಯನ್ನೇ ಹೊಸ್ತಿಲ ಹೊರಗೆ ಹಾಸಿ ಆರು ತಿಂಗಳಾಗಿತ್ತು. ಅಷ್ಟರಲ್ಲಿ ದತ್ತು ಬಂದ. ಬರಿದಾದ ಗ್ಲಾಸು ನೋಡಿ ಮೆಲ್ಲಗೆ ನಕ್ಕ. ಬಾಯಾರು ಹಾದಿ ಕಾಯುತ್ತಿದ್ದಾರೆ, ರಿಕ್ಷಾ ನಿಂತಿದೆ ಎಂದ. ಬಾಳವ್ವ ಗಂಟು ಎತ್ತಿಕೊಂಡು ಎದ್ದಳು. ಉತ್ತರ ಕೊಡದವಳ ಕಡೆ ತಿರುಗಿ ನೋಡಲಿಲ್ಲ.

ದುರಗವ್ವ ಮೋರಿಗೆ ಬಂದು ಎರಡು ಗ್ಲಾಸು ತೊಳೆದಳು. ಮೂರನೆಯದನ್ನು ಹಾಗೇ ಕೆಳಗಿಟ್ಟು, ಒದ್ದೆ ಕೈಯಲ್ಲೇ ಮುಂದಿನ ಹಾಲಿನ ಕುರ್ಚಿಗಳ ನಡುವೆ ಹಾದು ಬೀದಿಗೆ ಬಂದಳು. ಬಾಳವ್ವ ರಿಕ್ಷಾದೊಳಗಿದ್ದಳು. ದತ್ತು ಹೊರಗೆ ನಿಂತು ಸಿಗರೇಟು ಹಚ್ಚುತ್ತಿದ್ದ. ದುರಗವ್ವ ಹತ್ತಿ ಬಾಳವ್ವನ ಮಗ್ಗುಲಲ್ಲಿ ಕುಳಿತಳು.

"ಯಾಕ ದುರಗಕ್ಕ, ಪ್ಯಾಟಿ ತಿರಗೂ ಹುಕಿ ಬಂತೇನು?"

"ಹಾಸ್ಟೆಲ್ ನೋಡಬೇಕಾಗೇತಿ. ನಾನೂ ಬರ್ತೇನಿ."

ಪಾನ್ ಅಂಗಡಿಯ ಮುಂದಿನವರು ಈ ಕಡೆ ತಿರುಗಿದರು. "ಕರಕೊಂಡ ಹೋಗೋ ದತ್ತು," ಎಂದ ಒಬ್ಬ. "ಬೀಗಿತ್ತಿ ಇಲ್ಲದ ಬೀಗತನ ಎಲ್ಲೈತಿ?" ಉಳಿದವರು ನಕ್ಕರು. ಬಾಗಿಲಿಗೆ ಬಂದ ಅರ್ಜುನಪ್ಪ ದನಿ ಏರಿಸಲಿಲ್ಲ. ಇಳಿದು ಬಾ, ಇಲ್ಲದಿದ್ದರೆ ನಾಳೆಯಿಂದ ಈ ಕಡೆ ಹಾಯಬೇಡ ಎಂದ. ದುರಗವ್ವ ರಿಕ್ಷಾದ ಕಬ್ಬಿಣದ ಸಳಿ ಹಿಡಿದುಕೊಂಡಳು. ದತ್ತು ಅವಳ ರಟ್ಟೆಗೆ ಕೈ ಹಾಕಿ ಒಮ್ಮೆ ಜಗ್ಗಿದ. ಜನ ಇನ್ನಷ್ಟು ಸೇರಿದರು. ಜನ ಸೇರುವುದು ಅವನಿಗೆ ಎಂದೂ ಹಿಡಿಸಿದ್ದಲ್ಲ. ಮುದುಕಿಗೆ ಏರಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸಫಾರಿಯ ಕಾಲರು ಸರಿಮಾಡಿಕೊಂಡು ನಡೆದುಬಿಟ್ಟ. ರಿಕ್ಷಾದವನು ಇಬ್ಬರನ್ನೂ ಇಳಿಯಲು ಹೇಳಿದ.

ಬಸ್ ಸ್ಟ್ಯಾಂಡು ನೂರು ಹೆಜ್ಜೆಯ ದಾರಿ. ಬಾಳವ್ವ ಮುಂದೆ, ದುರಗವ್ವ ಹಿಂದೆ. ಕಲ್ಲಿನ ಬೆಂಚಿನ ಮೇಲೆ ಗಂಟು ಒಗೆದು ಬಾಳವ್ವ ಅಂದಳು:

"ಒಂದ್ಹೊತ್ತಿನ ಕೂಳರೆ ಸಿಗ್ತಿತ್ತು. ಅದನ್ನೂ ಕಳದಿ."

ಆಮೇಲೆ ಬೆನ್ನು ತಿರುಗಿಸಿ ಕೂತಳು. ಧಾರವಾಡದ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅವಳು ಏಳಲಿಲ್ಲ. ದುರಗವ್ವ ಬೆಂಚಿನ ಇನ್ನೊಂದು ತುದಿಗೆ ಕೂತಳು.

ನಾಲ್ಕು ಗಂಟೆಯ ಸುಮಾರಿಗೆ ಪೇಪರ್ ಅಂಗಡಿಯ ಬಳಿ ಬಿಳಿ ಸಫಾರಿ ಕಂಡಿತು. ದತ್ತು ಈ ಕಡೆ ನೋಡಲೂ ಇಲ್ಲ. ಒಂದು ಪೇಪರು ಕೊಂಡು, ಕಂಬಕ್ಕೆ ಒರಗಿ, ಅವಸರವಿಲ್ಲದವನಂತೆ ಓದತೊಡಗಿದ.

ಮುಂಜಾನೆಯಿಂದ ದುರಗವ್ವ ಒಂದಕ್ಕೆ ಹೋಗಿರಲಿಲ್ಲ. ಹೆಂಗಸರ ಶೌಚಾಲಯ ಈ ಬೆಂಚು ಕಾಣದ ಆ ತುದಿಗಿತ್ತು. ದತ್ತು ಪುಟ ತಿರುವಿದ. ಅವಳು ಕಾಲಿಗೆ ಕಾಲು ಒತ್ತಿಕೊಂಡು, ಬೆಂಚಿನ ಅಂಚು ಹಿಡಿದು ಕೂತಳು.