ತೊಳೆದ ಬಾಟಲಿ

ನೀರು ಲೋಟದೊಳಗೆ ಒಂದು ಸುತ್ತು ಸುತ್ತಿ ಅಂಚಿನವರೆಗೆ ಏರಿತು, ಅವಳು ಅದನ್ನು ತೊಟ್ಟಿಗೆ ಚೆಲ್ಲಿ ಮತ್ತೆ ತುಂಬಿಸಲು ಹೋದಳು, ಆಗ ಕೈ ನಿಂತುಹೋಯಿತು — ಯಾಕೆ ತೊಳೆದೆ, ಲೋಟ ಚೊಕ್ಕಟವಾಗಿಯೇ ಇತ್ತಲ್ಲ, ಈ ಆರೋಗ್ಯ ಕಚೇರಿಗೆ ಬೇಸಿಗೆಯ ತರಬೇತಿಗೆಂದು ಬಂದಾಗಿನಿಂದ ಹೀಗೆಯೇ, ತೊಳೆಯದೆ ತುಂಬಿದ್ದೇ ಇಲ್ಲ, ತೊಳೀದೆ ತುಂಬಬಾರ್ದು ಮಗಳೇ, ಪಾತ್ರೆಗೂ ಬಾಯಾರಿರುತ್ತೆ, ಮೊದಲನೇ ಗುಟುಕು ಅದಕ್ಕೆ, ಎನ್ನುತ್ತಿದ್ದ ಅಜ್ಜಿ ಕಳೆದ ಚಳಿಗಾಲದಲ್ಲಿ ತೀರಿಹೋದಳು, ಅಭ್ಯಾಸ ಮಾತ್ರ ಮೊಮ್ಮಗಳ ಕೈಯಲ್ಲಿ ಉಳಿಯಿತು, ಉಳಿಯಲಿ, ಅದೊಂದಾದರೂ ಉಳಿಯಲಿ — ಆದರೆ ಮೊನ್ನೆ, ಆ ಬೀದಿಯ ನಲ್ಲಿಯ ಕೆಳಗೆ, ಪರೀಕ್ಷೆಯ ನೀರು ಹಿಡಿಯುವಾಗ, ಬಾಟಲಿಯ ತಳದಲ್ಲಿ ಬೆಳ್ಳಗೆ ಒಂದು ಚಿಟಿಕೆ ಪುಡಿ ಇತ್ತು, ಇತ್ತೇ, ಇತ್ತು, ಕಂಡಿದ್ದಳು, ಮತ್ತು ಈ ಕೈಯೇ ಒಂದಿಷ್ಟು ನೀರು ಹಿಡಿದು, ಸುತ್ತಿಸಿ, ಮೋರಿಗೆ ಚೆಲ್ಲಿತ್ತು.

ಬಾಟಲಿ ತೊಳೀಬೇಡಿ, ಯಾರೂ ತೊಳೀಬೇಡಿ, ಎಂದು ಕಾಲೇಜಿನ ಮೇಷ್ಟ್ರು ಬೋರ್ಡಿಗೆ ಬೆನ್ನು ಹಾಕಿ ನಿಂತು ಹೇಳಿದ್ದರು, ಆ ಪುಡಿ ನೀರಲ್ಲಿರೋ ಕ್ಲೋರಿನ್ನಿನ ಶಕ್ತಿ ಅಡಗಿಸುತ್ತೆ, ಅದಿಲ್ದಿದ್ರೆ ನಲ್ಲೀಲಿ ಬದುಕಿರೋ ಕ್ರಿಮಿ ಬಾಟಲೀಲಿ ಬರೋ ದಾರೀಲೇ ಸಾಯುತ್ತೆ, ನೀರು ಚೆನ್ನಾಗಿದೆ ಅನ್ನುತ್ತೆ ನಿಮ್ಮ ಪರೀಕ್ಷೆ, ಊರು ಮಲಗುತ್ತೆ — ಹುಡುಗರೆಲ್ಲ ನಕ್ಕಿದ್ದರು, ಅವಳೂ ನಕ್ಕಿದ್ದಳು. ಇಂದು ಬೆಳಿಗ್ಗೆ ಪ್ರಯೋಗಾಲಯದಿಂದ ಫಲಿತಾಂಶ ಬಂತು, ನೀರು ಶುದ್ಧ. ಶುದ್ಧವಂತೆ. ಆ ಬೀದಿಯ ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದಾರೆ, ನೋಡಲು ಹೋದಾಗ ಕೈಗೆ ಸೂಜಿ ಚುಚ್ಚಿಸಿಕೊಂಡ ಒಂದು ಮಗು ಅವಳ ದುಪಟ್ಟಾದ ತುದಿ ಹಿಡಿದು ಬಿಡಲೇ ಇಲ್ಲ, ಪೈಪಿಗೆ ಕ್ಲೋರಿನ್ ಸುರಿದು, ಪರೀಕ್ಷೆಗೆ ನೀರು ಹಿಡಿಸಿ, ಫಲಿತಾಂಶ ಬರುವವರೆಗೆ ನಲ್ಲಿ ನಿಲ್ಲಿಸಿದ್ದರು, ಈಗ ಒಳಗಿನ ಕೋಣೆಯಿಂದ ಅಧಿಕಾರಿಯ ದನಿ, ಹೋಗಿ ವಾಲ್ವಣ್ಣ, ಬಿಟ್ಬಿಡಿ ನೀರು, ಟ್ಯಾಂಕರಿಗೆ ಕಾದು ಕಾದು ಜನ ನನ್ನ ಜನ್ಮ ಜಾಲಾಡ್ತಿದಾರೆ, ಮತ್ತೆ ನೀರು ಬಿಡುವ ವಾಲ್ವಣ್ಣನ ನಗು, ನಿಮ್ದು ಮಾತ್ರ ಅಲ್ಲ ಮೇಡಂ, ನಮ್ಮಪ್ಪನದೂ ಜಾಲಾಡಿಯಾಯ್ತು, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಹೆಗಲಿಗೇರಿಸಿ ಅವನು ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ, ಏನ್ ಸ್ಟೂಡೆಂಟಮ್ಮ, ನೀರು ನೋಡ್ತಾ ನಿಂತ್ರೆ ದಾಹ ಹೋಗುತ್ತಾ — ಹೇಳು, ಈಗಲೇ ಹೇಳು. ಹೇಳಿದರೆ ಏನಾಗುತ್ತದೆ, ನಮ್ಮ ಸ್ಟೂಡೆಂಟಮ್ಮನೇ ಹೋಗಿ ತಂದ ನೀರು, ಎಂದು ಬೆಳಿಗ್ಗೆ ಎಲ್ಲರೆದುರು ಹೊಗಳಿದ ಮೇಡಂ ಬಾಯಿ ಏನನ್ನುತ್ತದೆ, ತೊಳೆದದ್ದನ್ನು ಯಾರು ಕಂಡರು, ಯಾರೂ ಕಾಣಲಿಲ್ಲ, ಮೇಲಿರುವವನು ಕಂಡ, ಅಜ್ಜಿ ಕಂಡಳು, ಒಂದು ವೇಳೆ ನೀರು ನಿಜಕ್ಕೂ ಶುದ್ಧವಾಗಿಯೇ ಇದ್ದರೆ, ಇರಬಹುದಲ್ಲ, ದೇವರೇ, ಇರಲಿ — ಇದು ಎಂಥ ಪ್ರಾರ್ಥನೆ, ತನ್ನ ಮಾನಕ್ಕಾಗಿ ಬೀದಿಯ ನೀರನ್ನು ದೇವರ ತಲೆಗೆ ಕಟ್ಟುವುದು. ಮೆಟ್ಟಿಲ ಕೆಳಗೆ ಗಾಡಿ ಕೆಮ್ಮಿತು, ಹೊರಟಿತು, ತಿರುವಿನಲ್ಲಿ ಸದ್ದು ತೆಳುವಾಯಿತು, ಅವಳು ಲೋಟ ಹಿಡಿದು ನಿಂತೇ ಇದ್ದಾಳೆ, ಇನ್ನೂ ನಿಂತೇ ಇದ್ದಾಳೆ.

ಮೇಡಂ, ನಾನು ಬಾಟಲಿ ತೊಳೆದುಬಿಟ್ಟೆ. ಯಾವ ಬಾಟಲಿ? ಪುಡಿ ಇದ್ದ ಬಾಟಲಿ, ಮೊನ್ನೆಯದು. ಅಧಿಕಾರಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಮುಖ ಮಾತ್ರ ಬಿಳುಚಿತು, ಕೈ ಫೋನಿಗೆ ಹೋಯಿತು, ಗಂಟೆ ಹೊಡೆಯುತ್ತದೆ, ಎತ್ತುವುದಿಲ್ಲ, ಮತ್ತೆ ಹೊಡೆಯುತ್ತದೆ, ಎತ್ತಪ್ಪಾ, ಎತ್ತು, ಎತ್ತಿದ. ವಾಲ್ವಣ್ಣ, ನಿಲ್ಸಿ, ಯಾರೂ ಕುಡೀಬಾರ್ದು! ಅಯ್ಯೋ ಮೇಡಂ, ಬಿಟ್ಟಾಯ್ತಲ್ಲ, ನಿಲ್ಸ್ತೀನಿ, ಕೂಗಿ ಹೇಳ್ತೀನಿ, ಏಯ್ ಹಿಡೀಬೇಡ್ರೋ, ಚೆಲ್ಲಿ ಎಲ್ಲಾ — ಒಬ್ಬ ಅಜ್ಜಿ ಮಾತ್ರ ಆಗ್ಲೇ ತುಂಬ್ಕೊಂಡು ಹೋದ್ಳು ಮೇಡಂ, ಯಾವ ಸಂದಿಗೆ ನುಗ್ಗಿದ್ಳೋ ಕಾಣೆ, ಹುಡುಕ್ತೀನಿ. ಫೋನಿನಲ್ಲಿ ಜನರ ಗದ್ದಲ, ಕೊಡಗಳ ಸದ್ದು, ನಲ್ಲಿಯ ಸದ್ದು ಸಣ್ಣದಾಯಿತು, ನಿಂತಿತು. ಆ ಅಜ್ಜಿಯೂ ಮೊದಲು ಕೊಡ ತೊಳೆದಿರುತ್ತಾಳೆ, ಒಂದಿಷ್ಟು ಹಿಡಿದು, ಸುತ್ತಿಸಿ, ಚೆಲ್ಲಿ, ಆಮೇಲೆ ತುಂಬಿಸಿ, ಈಗ ಮನೆಯೊಳಗೆ ಲೋಟ ತೊಳೆಯುತ್ತಾಳೆ, ಯಾರಿಗೋ ಕೊಡಲು, ಒಂದು ಸುತ್ತು, ಚೆಲ್ಲಿ — ಬಾಟಲಿಯ ತಳದಲ್ಲಿ ಬಿಳಿ ಪುಡಿ, ನೀರು ಒಂದು ಸುತ್ತು, ಪುಡಿ ತಳ ಬಿಟ್ಟು ಏಳುತ್ತದೆ, ಅಂಚಿಗೆ ಬರುತ್ತದೆ, ಕೈ ಬಾಗುತ್ತದೆ, ಬಿಳಿ ಪುಡಿ, ಕೈ ಬಾಗುತ್ತದೆ, ಬಿಳಿ ಪುಡಿ